ಷಡ್ಡಕನ ಕಾರಿನ ಮುಂದಿನ ನಂಬರ್ ಪ್ಲೇಟು

ದೊಡ್ಡಳಿಯನ ಬಲಗೈ ಕಾರಿನ ಬಾಯಲ್ಲಿ ಸಿಕ್ಕಿಕೊಂಡಿತ್ತು.

ಬಾಯಿ ಅಂದರೆ ಮುಂಭಾಗದ ಜಾಲರಿ. ಹಳೇ ಕಾಲದ ಕಾರುಗಳಿಗೆ ಇರುತ್ತದಲ್ಲ, ಸಾಲಾಗಿ ನಿಂತ ಬೆಳ್ಳಿ ಬಣ್ಣದ ದಪ್ಪ ಸರಳುಗಳು, ಎದುರು ಬಂದವರನ್ನೆಲ್ಲ ನೋಡಿ ಕಾರು ಹಲ್ಲು ಕಿರಿಯುತ್ತಿದೆಯೇನೋ ಅನ್ನಿಸುವಂಥವು. ಆ ಹಲ್ಲುಗಳ ಸಂದಿಯಲ್ಲಿ ಕೈ ಸಲೀಸಾಗಿ ಒಳಗೆ ಹೋಗಿತ್ತು. ವಾಪಸು ಬರುವಾಗ ಮಾತ್ರ ಕೈಗಡಿಯಾರ ಅಡ್ಡ ನಿಂತಿತು. ಎಳೆದಷ್ಟೂ ಬಿಗಿಯಾಯಿತು. ಮೊಣಕಾಲೂರಿ, ಬಂಪರಿಗೆ ಕೆನ್ನೆ ಒತ್ತಿಕೊಂಡು, ಕಾರಿಗೆ ಏನೋ ಗುಟ್ಟು ಹೇಳುತ್ತಿರುವವನ ಭಂಗಿಯಲ್ಲಿ ಅವನು ಒದ್ದಾಡುತ್ತಿರುವಾಗಲೇ, ಒಗೆದ ಬಟ್ಟೆಯ ಬುಟ್ಟಿ ಹೊತ್ತು ನಾದಿನಿ ಶೆಡ್ಡಿನ ಬಾಗಿಲಿಗೆ ಬಂದಳು.

"ಭಾವ, ಏನ್ ಮಾಡ್ತಿದೀರಾ?"

"ಏನಿಲ್ಲಮ್ಮ. ಕೈ ಸಿಕ್ಕಾಕೊಂಡಿದೆ."

"ಅದು ಕಾಣ್ತಿದೆ. ಹಾಕಿದ್ದು ಯಾಕೆ ಅಂತ ಕೇಳಿದೆ."

ಯಾಕೆ ಅಂತ ಹೇಳುವುದು? ಜಾಲರಿಯ ಹಿಂದೆ ಎಲ್ಲೋ ತುಕ್ಕು ಹಿಡಿದಿರಬೇಕು, ಬೆರಳಿಗೆ ಒಂದಿಷ್ಟು ಕೆಂಪು ಪುಡಿ ಅಂಟಿದರೂ ಸಾಕು, ಇವಳ ಗಂಡನಿಗೆ ಕಾರು ನೋಡಿಕೊಳ್ಳುವ ಯೋಗ್ಯತೆಯಿಲ್ಲ ಎಂಬ ನೆಮ್ಮದಿಯಲ್ಲಿ ವಾರವಿಡೀ ನಿದ್ದೆ ಮಾಡಬಹುದು ಎಂದು ಕೈ ಹಾಕಿದ್ದ. ಸಿಕ್ಕಿದ್ದು ಶುದ್ಧ ಹೊಳಪು. ಅದೇ ಸಂಕಟದಲ್ಲಿ ಕೈಯನ್ನು ಇನ್ನೂ ಒಳಕ್ಕೆ ತೂರಿದ್ದು ತಪ್ಪಾಯಿತು.

"ನಂಬರ್ ಪ್ಲೇಟಿಗೆ ಜಾಗ ನೋಡ್ತಿದ್ದೆ," ಎಂದ. ಬಾಯಿಗೆ ಬಂದ ಸುಳ್ಳು.

ನಾದಿನಿ ಬುಟ್ಟಿ ಕೆಳಗಿಟ್ಟು ಮನೆಯ ಕಡೆ ತಿರುಗಿ ಕೂಗಿದಳು. "ರೀ, ಸ್ವಲ್ಪ ಬನ್ನಿ ಇಲ್ಲಿ. ನಿಮ್ಮ ಕಾರು ಭಾವನ್ನ ಕಚ್ಚಿಬಿಟ್ಟಿದೆ."

ಮಣಿಕಟ್ಟಿನ ನೋವು ಹಾಗಿರಲಿ. "ನಿಮ್ಮ ಕಾರು" ಎಂಬ ಮಾತು ಅವನಿಗೆ ಅದಕ್ಕಿಂತ ಜೋರಾಗಿ ಕಚ್ಚಿತು.

ಸಣ್ಣಳಿಯ ಬಂದ. ನೋಡಿದ. ಒಳಗೆ ಹೋಗಿ ವ್ಯಾಸಲೀನ್ ಡಬ್ಬಿ ತಂದ. ಮಣಿಕಟ್ಟಿಗೆ ಸವರಿ, ಸಂದಿಯಲ್ಲಿ ಎರಡು ಬೆರಳು ಇಳಿಬಿಟ್ಟು ಗಡಿಯಾರದ ಪಟ್ಟಿ ಬಿಚ್ಚಿದ. ಕೈ ಹೊರಗೆ ಬಂತು. ಒಳಗೆ ಬಿದ್ದ ಗಡಿಯಾರವನ್ನು ಬಗ್ಗಿಸಿದ ತಂತಿಯೊಂದರಿಂದ ಎತ್ತಿ, ಒರೆಸಿ, ಷಡ್ಡಕನ ಕೈಗೆ ಕೊಟ್ಟ.

"ಕಚ್ಚಿದ್ದನ್ನ ಎಳೀಬಾರ್ದು ಅಣ್ಣ. ಜಾರಿಸ್ಬೇಕು," ಎಂದ. ಆವತ್ತಿನ ಮಟ್ಟಿಗೆ ಅವನ ಮಾತು ಅಷ್ಟೇ.

ಈ ಇಬ್ಬರು ಅಳಿಯಂದಿರ ಕಸುಬು ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ. ದೊಡ್ಡಳಿಯ ಕರ್ಟನ್ ಅಂಗಡಿಯವನು. ಕಿಟಕಿ ಅಳೆದು, ಬಟ್ಟೆ ಹೊಲಿಸಿ, ಗೋಡೆಗೆ ತೂತು ಕೊರೆದು, ಕೊಳವೆ ಕೂರಿಸಿ, ಪರದೆ ಇಳಿಬಿಟ್ಟು ಬರುವವನು. ನೀಲಿ ಪೆಟ್ಟಿಗೆಯೊಳಗಿನ ಡ್ರಿಲ್ ಮೆಷಿನ್ ಅವನ ಬಲಗೈ. ನೆಂಟರಿಷ್ಟರ ಮನೆಯ ಗೋಡೆಗಳಲ್ಲಿರುವ ತೂತುಗಳೆಲ್ಲ ಅವನವೇ. ಬೋಳು ಗೋಡೆ ಕಂಡರೆ ಅವನಿಗೆ ಕೈ ತುರಿಸುತ್ತದೆ.

ಸಣ್ಣಳಿಯ ಹಲ್ಲು ಮಾಡುವವನು. ಹಲ್ಲು ಕೀಳುವವನಲ್ಲ, ಕಿತ್ತ ಮೇಲೆ ಕಟ್ಟುಹಲ್ಲು ಮಾಡಿಕೊಡುವವನು. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದೆ ಅವನದೊಂದು ಕೋಣೆ. ಒಂದೇ ಕಿಟಕಿ, ಒಂದು ಕಲ್ಲಿನ ಮೇಜು, ಮೇಣ ಕಾಯಿಸುವ ಪುಟ್ಟ ದೀಪ. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಊರವರ ದವಡೆಗಳ ಪ್ಲಾಸ್ಟರ್ ಅಚ್ಚು. ಮೈಯಿಲ್ಲದ ನಗುಗಳ ಆ ಸಂತೆಯ ನಡುವೆ ಕೂತು ಅವನು ದಿನವಿಡೀ ತಂತಿ ಬಗ್ಗಿಸುತ್ತಾನೆ, ಮೇಣ ತಿದ್ದುತ್ತಾನೆ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ಬಾಯಿ ನೋಡುತ್ತಾನೆ, ಆಮೇಲೆ ಮುಖ. ಕೆಲವರನ್ನು ಬಾಯಿಂದಲೇ ಗುರುತಿಸುತ್ತಾನೆ. ಯಾರದು ನಿಜ, ಯಾರದು ತನ್ನದು ಎಂಬುದು ಅವನಿಗೆ ಗೊತ್ತು. ಆದರೆ ತುಟಿ ಪಿಟಿಕ್ಕೆನ್ನುವುದಿಲ್ಲ.

ಹೆಣ್ಣು ನೋಡಲು ಬಂದ ದಿನ ಅವನು ಎಲ್ಲರ ಬಾಯಿಯನ್ನೇ ದಿಟ್ಟಿಸುತ್ತ ಕೂತಿದ್ದನ್ನು ಕಂಡು ಅತ್ತೆಗೆ ಇರುಸುಮುರುಸಾಗಿತ್ತು. "ಆ ಹುಡುಗನ ಕಣ್ಣು ಸರಿಯಿಲ್ಲ," ಎಂದು ಒಳಗೆ ಬಂದು ಹೇಳಿದ್ದರು. ದೊಡ್ಡಳಿಯ ಆಗ ಎಷ್ಟು ಸಂತೋಷಪಟ್ಟಿದ್ದ! ಆದರೆ ಮದುವೆಯಾದ ಮೇಲೆ ಸಣ್ಣಳಿಯ ಅತ್ತೆಗೊಂದು ಕಟ್ಟುಹಲ್ಲು ಮಾಡಿಕೊಟ್ಟ. ಹಳೇ ಸೆಟ್ಟು ಮಾತಾಡುವಾಗ ಟಕಟಕ ಅನ್ನುತ್ತಿತ್ತು, ನಕ್ಕರೆ ಜಾರುತ್ತಿತ್ತು. ಅದಕ್ಕೆ ಹೆದರಿ ಅವರು ನಗುವುದನ್ನೇ ಬಿಟ್ಟಿದ್ದರು. ಹೊಸದನ್ನು ಹಾಕಿಕೊಂಡು, ಅಡುಗೆಮನೆಯಲ್ಲಿ ನಿಂತು, ಹಸೀ ಕ್ಯಾರೆಟ್ ಒಂದನ್ನು ಕಟಂ ಅಂತ ಕಡಿದರು. ಆ ಸದ್ದು ಕೇಳಿ ಮಾವ ಹಜಾರದಿಂದ ಎದ್ದು ಬಂದರು. ಅತ್ತೆ ಕ್ಯಾರೆಟ್ ಅಗಿಯುತ್ತ ಕಣ್ಣೀರು ಹಾಕಿದರು, ಕಣ್ಣೀರು ಹಾಕುತ್ತ ನಕ್ಕರು.

ಅದೇ ಮನೆಯ ಕಿಟಕಿಗಳಿಗೆಲ್ಲ ಪರದೆ ಹಾಕಿದವನು ದೊಡ್ಡಳಿಯ. ಒಳ್ಳೇ ಬಟ್ಟೆ, ಒಳಗೆ ಅಸ್ತರಿ, ಎಳೆದರೆ ಬೆಣ್ಣೆಯಂತೆ ಸರಿಯುವ ಪರದೆ. ಆದರೆ ಪರದೆ ಎಳೆದು ಯಾರು ಕಣ್ಣೀರು ಹಾಕಿದ್ದಾರೆ?

ಅಲ್ಲಿಂದ ಶುರುವಾದ ಹೊಟ್ಟೆಕಿಚ್ಚಿಗೆ ತುಪ್ಪ ಸುರಿದದ್ದು ಮಾವನ ಕಾರು. ಮಾವ ಸಣ್ಣದೊಂದು ಛಾಪಖಾನೆ ನಡೆಸಿದವರು. ಬೆರಳ ತುದಿಯ ಶಾಯಿ ಕೊನೆವರೆಗೂ ಹೋಗಲಿಲ್ಲ. ಅವರಿಗಿದ್ದ ಶೋಕಿ ಈ ಕಾರೊಂದೇ. ಬೀದಿಯಲ್ಲಿ ಯಾರೂ ಹುಟ್ಟುವ ಮೊದಲೇ ಹುಟ್ಟಿದ್ದು. ಕಡು ಹಸಿರು ಮೈ, ದುಂಡನೆಯ ದೀಪಗಳು, ಕನ್ನಡಿಯಂಥ ಬಂಪರು. ಮದುವೆಯಾದ ಮೊದಲ ಭಾನುವಾರ ಮಾವನನ್ನು ಮೆಚ್ಚಿಸಲು ದೊಡ್ಡಳಿಯ ಪ್ಯಾಂಟು ಮಡಚಿ ಅದನ್ನು ತೊಳೆದ. ಮುಂದಿನ ಭಾನುವಾರ ಮೆಚ್ಚಿಸುವ ನೆಪ ಮರೆತುಹೋಯಿತು. ಆಮೇಲೆ ಭಾನುವಾರವೆಂದರೆ ಕಾರು. ಮಾವ ಮೆಟ್ಟಿಲ ಮೇಲೆ ಕೂತು ಕಾಫಿ ಹೀರುತ್ತಿದ್ದರು. ಇವನು ಚಕ್ರದ ನಡುವಿನ ತಟ್ಟೆ ಉಜ್ಜುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಈ ಕಾರು ಕೊನೆಗೆ ಯಾರಿಗೆ ಬರಬೇಕು ಎಂಬುದು ಮಾತಾಡಿ ತಿಳಿಯಬೇಕಾದ ವಿಷಯವೇ?

ಮಾವ ತೀರಿಕೊಂಡ ಮೇಲೆ ಒಂದು ದಿನ ಊಟದ ಹೊತ್ತಿಗೆ ಅತ್ತೆ ಹೇಳಿದರು. "ಕಾರು ಸಣ್ಣಳಿಯಂದ್ರಿಗೆ ಅಂತ ಹೇಳಿ ಹೋಗಿದಾರೆ."

ದೊಡ್ಡಳಿಯ ಸೊಗಸಾಗಿ ನಕ್ಕ. "ಒಳ್ಳೇದಾಯ್ತು ಬಿಡಿ, ಅವನಿಗೂ ಒಂದು ವಾಹನ ಬೇಕಿತ್ತು," ಎಂದ. ಷಡ್ಡಕನ ಬೆನ್ನು ತಟ್ಟಿದ. ಆ ನಗುವನ್ನು ಮುಖದ ಮೇಲೆ ಹಾಗೇ ಹೊತ್ತುಕೊಂಡು ಬಸ್ಸಿನಲ್ಲಿ ಬಂದ, ಬೀಗ ತೆಗೆದ, ದೀಪ ಹಾಕಿದ. ಕೊನೆಗೆ ಹೆಂಡತಿಯೇ ಹೇಳಬೇಕಾಯಿತು. "ಇನ್ನು ಸಾಕು ರೀ ನಗೋದು. ಮನೆಗೆ ಬಂದ್ವಿ."

ಇಷ್ಟಾದ ಮೇಲೆ ಅವನು ಆ ಕಾರಿನ ಮುಖ ನೋಡಬಾರದಿತ್ತು. ಆದರೆ ಮರು ಭಾನುವಾರವೇ ಷಡ್ಡಕನ ಶೆಡ್ಡಿಗೆ ಹೋದ. ಕಾರನ್ನು ಅವನು ಎಷ್ಟು ಕೆಟ್ಟದಾಗಿ ಇಟ್ಟಿದ್ದಾನೆ ಎಂದು ಕಣ್ಣಾರೆ ಕಂಡು ಬರಲು. ಧೂಳು ಕಂಡಿತು; ಒಳಗೊಳಗೇ ಖುಷಿಯಾಯಿತು. ಧೂಳು ಕಂಡ ಮೇಲೆ ಕೈ ಸುಮ್ಮನಿರಬೇಕಲ್ಲ, ಬಕೆಟ್ ಕೇಳಿದ. ಸಣ್ಣಳಿಯ ಬಕೆಟ್ ತಂದಿಟ್ಟು ಮೆಟ್ಟಿಲ ಮೇಲೆ ಕೂತ. ಹೀಗೆ ಪ್ರತಿ ಭಾನುವಾರ ತಪ್ಪು ಹುಡುಕಲು ಹೋಗುವುದು, ತೊಳೆದು ಬರುವುದು. "ಅವನ ಕಾರು, ತೊಳೆಯೋದು ನೀವು," ಎಂದು ಹೆಂಡತಿ ಮೂಗು ಮುರಿದರೆ, "ಮಾವನ ಆತ್ಮ ನೋಡ್ತಿರುತ್ತೆ ಕಣೇ," ಅನ್ನುವನು. ಆತ್ಮ ನೋಡಿ ತನ್ನ ತಪ್ಪು ತಿಳಿದುಕೊಳ್ಳಲಿ ಎಂಬುದೇ ಅದರ ತಾತ್ಪರ್ಯ.

ಇನ್ನು ಪ್ಲೇಟಿನ ವಿಷಯ. ಕಾರಿಗೆ ಹಿಂದೆ ನಂಬರಿತ್ತು, ಮುಂದೆ ಇರಲಿಲ್ಲ. ಮೊದಲು ಬಂಪರಿಗೆ ಬಿಗಿದಿದ್ದ ತಗಡು ತುಕ್ಕು ಹಿಡಿದು ಉದುರಿಹೋಗಿತ್ತು. ಬಂಪರಿಗೆ ಹೊಸ ಹೊಳಪು ಕೊಡಿಸಿದಾಗ ಮಾವ ಹಳೇ ತೂತುಗಳನ್ನೂ ಮುಚ್ಚಿಸಿದ್ದರು. ಕಾರು ಶೆಡ್ಡಿನಲ್ಲೇ ನಿಂತಿರುವಾಗ ಯಾರೂ ಕೇಳಲಿಲ್ಲ. ಈಗ ಅತ್ತೆಗೆ ಒಂದಾಸೆ: ಆ ಕಾರಲ್ಲಿ ಮುಂದಿನ ಸೀಟಲ್ಲಿ ಕೂತು ಊರೆಲ್ಲ ಒಂದು ಸುತ್ತು ಹಾಕಬೇಕು. ಕಾರು ರಸ್ತೆಗೆ ಇಳಿಯಬೇಕಾದರೆ ತಪಾಸಣೆಯಾಗಬೇಕು. ತಪಾಸಣೆಗೆ ಮುಂದೆಯೂ ಪ್ಲೇಟು ಬೇಕೇ ಬೇಕು. ಆದ್ದರಿಂದ ಕೈ ಸಿಕ್ಕಿಕೊಂಡವನ ಸುಳ್ಳನ್ನು ನಾದಿನಿ ಗಟ್ಟಿಯಾಗಿ ಹಿಡಿದುಕೊಂಡಳು.

"ಹೇಗೂ ಜಾಗ ನೋಡಿದೀರಲ್ಲ ಭಾವ, ಪ್ಲೇಟೂ ನೀವೇ ಹಾಕ್ಕೊಡಿ."

ದೊಡ್ಡಳಿಯನಿಗೆ ವಾರವೆಲ್ಲ ಅದೇ ಧ್ಯಾನ. ಬಂಪರಿನಲ್ಲಿ ಎರಡು ತೂತು. ತನ್ನ ಕೈಯ ತೂತು. ಕಾರು ಯಾರ ಶೆಡ್ಡಿನಲ್ಲಾದರೂ ನಿಂತಿರಲಿ, ಅದರ ಎದುರಿಗೇ ತನ್ನ ಗುರುತು. ಷಡ್ಡಕ ಪ್ರತಿ ಬಾರಿ ಕಾರಿನ ಮುಂದೆ ಹಾದುಹೋಗುವಾಗ ಅದನ್ನು ನೋಡಬೇಕು. ಈ ಯೋಚನೆಯಲ್ಲಿ ಇದ್ದ ಹಿತವನ್ನು ಅವನು ಯಾರಿಗೂ ಹೇಳಲಿಲ್ಲ.

ಭಾನುವಾರ ನೀಲಿ ಪೆಟ್ಟಿಗೆಯೊಂದಿಗೆ ಹೋದ.

"ತೂತು ಬೇಡ ಅಣ್ಣ," ಎಂದ ಸಣ್ಣಳಿಯ.

"ತೂತಿಲ್ದೆ ಪ್ಲೇಟು ಗಾಳೀಲಿ ನಿಲ್ಲುತ್ತಾ ಮಾರಾಯ?"

"ಮಾವ ಮುಚ್ಚಿಸಿದ್ದಲ್ವಾ."

"ಅವರು ಮುಚ್ಚಿಸಿದ್ದು ಹಳೇ ತೂತು. ಇದು ಹೊಸದು."

ಸಣ್ಣಳಿಯ ವಾದಕ್ಕೆ ನಿಲ್ಲಲಿಲ್ಲ. ಒಳಗಿಂದ ರಬ್ಬರ್ ಬಟ್ಟಲು ತಂದು ಅದರಲ್ಲಿ ಗುಲಾಬಿ ಬಣ್ಣದ ಪುಡಿ ಸುರಿದು ನೀರು ಬೆರೆಸಿ ಕಲಸತೊಡಗಿದ. ಜನರ ಬಾಯಿಗೆ ತುರುಕಿ ಹಲ್ಲಿನ ಅಚ್ಚು ತೆಗೆಯುವ ಪುಡಿ ಅದು. ಕಲಸಿದ ಮುದ್ದೆಯನ್ನು ಜಾಲರಿಯ ಸರಳುಗಳ ಮೇಲೆ ಒತ್ತಿ ಹಿಡಿದು, ಕಾರಿನ ಎದುರು ಕುಕ್ಕರಗಾಲಲ್ಲಿ ಕೂತ.

"ಏನಿದು?" ಎಂದ ದೊಡ್ಡಳಿಯ.

"ಅಚ್ಚು."

"ಕಾರಿಗೆ ಬಾಯಿ ಮುಕ್ಕಳಿಸೋಕೆ ಹೇಳ್ಲಿಲ್ವಲ್ಲ?"

"ಆಮೇಲೆ," ಎಂದ ಸಣ್ಣಳಿಯ, ಮುಖದಲ್ಲಿ ಒಂದು ಗೆರೆಯೂ ಅಲುಗಾಡದೆ. ಮುದ್ದೆ ಗಟ್ಟಿಯಾದ ಮೇಲೆ ಅದನ್ನು ಬಿಡಿಸಿಕೊಂಡು, ಪ್ಲಾಸ್ಟರ್ ತುಂಬಿಸಲು ಒಳಗೆ ಹೋದ.

ಶೆಡ್ಡಿನಲ್ಲಿ ದೊಡ್ಡಳಿಯ, ಕಾರು, ಡ್ರಿಲ್. ಷಡ್ಡಕ ಇಲ್ಲೂ ತನ್ನನ್ನು ಹೊರಗಿಟ್ಟು ಕೆಲಸ ಮುಗಿಸುತ್ತಾನೆ. ಆಮೇಲೆ ಅತ್ತೆ ಕಣ್ಣೀರು ಹಾಕುತ್ತ ನಗುತ್ತಾರೆ. ಹೊಟ್ಟೆಯೊಳಗಿನ ಉರಿ ನೇರ ಕೈಗೆ ಇಳಿಯಿತು. ಪೆನ್ಸಿಲಿನಿಂದ ಗುರುತು ಮಾಡಿದ. ಮೆಷಿನ್ನಿನ ತುದಿಯನ್ನು ಬಂಪರಿಗೆ ಆನಿಸಿದ. ಗುಂಡಿ ಒತ್ತಿದ.

ಗೋಡೆಗಳು ಅವನ ಮಾತು ಕೇಳುತ್ತಿದ್ದವು. ಈ ಹೊಳಪು ಕೇಳಲಿಲ್ಲ. ಮೊನೆ ಕ್ಷಣ ಕಚ್ಚಿದಂತೆ ಮಾಡಿ ಸರ್ರನೆ ಎಡಕ್ಕೆ ಜಾರಿತು. ಕನ್ನಡಿಯಂಥ ಬಂಪರಿನ ಮೇಲೆ ಬೆರಳುದ್ದದ ಗೀರು.

ದೊಡ್ಡಳಿಯನ ಬಾಯಿಂದ ಹೊರಟ ಸದ್ದು ಮಗುವನ್ನು ಎತ್ತಿಹಾಕಿದವರಿಂದ ಹೊರಡುವಂಥದ್ದು. ಮೆಷಿನ್ ನೆಲಕ್ಕೆ ಬಿಟ್ಟು, ಅಂಗಿಯ ತುದಿಯಿಂದ ಗೀರನ್ನು ಉಜ್ಜಿದ. ಉಗುಳು ಹಚ್ಚಿ ಉಜ್ಜಿದ. ಹೋಗಲಿಲ್ಲ. ಬಂಪರಿನೊಳಗಿನಿಂದ ಅವನದೇ ಮುಖ, ಮಧ್ಯದಲ್ಲಿ ಗೀರು ಬಿದ್ದದ್ದು, ಅವನನ್ನೇ ನೋಡುತ್ತಿತ್ತು. ಇದು ಷಡ್ಡಕನ ಕಾರು, ಗೀರು ಬಿದ್ದರೆ ನಷ್ಟ ಅವನದು ಎಂಬ ಸಮಾಧಾನ ಆ ಕ್ಷಣಕ್ಕೆ ಎಲ್ಲಿ ಹಾಳಾಗಿ ಹೋಗಿತ್ತೋ.

ಒರೆಸುವ ಬಟ್ಟೆಯನ್ನು ಗೀರಿನ ಮೇಲೆ ಇಳಿಬಿಟ್ಟ. "ತಲೆ ಸಿಡೀತಿದೆ, ಬರ್ತೀನಮ್ಮ," ಎಂದು ಕೂಗಿ, ಕಾಫಿಗೂ ನಿಲ್ಲದೆ ಹೊರಟುಬಿಟ್ಟ. ವಾರವೆಲ್ಲ ಫೋನು ಬರುತ್ತದೆ ಎಂದು ಕಾದ. ಬಟ್ಟೆ ಎತ್ತಿದ ತಕ್ಷಣ ಕಂಡಿರುತ್ತದೆ. ಕಂಡ ಮೇಲೆ ಬೈಯಬೇಕು ತಾನೇ? ಬೈದರೆ ತಾನೂ ಎರಡು ಮಾತು ತಿರುಗಿಸಿ ಆಡಬಹುದು, ಹಳೇದೆಲ್ಲ ಎತ್ತಾಡಬಹುದು. ಫೋನು ಬರಲಿಲ್ಲ. ಒಬ್ಬ ಗಿರಾಕಿಯ ಮನೆಯಲ್ಲಿ ಪರದೆಯನ್ನು ತಲೆಕೆಳಗಾಗಿ ಹಾಕಿ ಬಂದ.

ಬದಲಿಗೆ ಅತ್ತೆಯಿಂದ ಹೇಳಿಕೆ ಬಂತು. ಪ್ಲೇಟು ತಯಾರಂತೆ, ಭಾನುವಾರ ಎಲ್ಲರೂ ಬರಬೇಕಂತೆ.

ಶೆಡ್ಡಿನ ಮುಂದೆ ಮನೆಮಂದಿಯೆಲ್ಲ ನಿಂತಿದ್ದರು. ಸಣ್ಣಳಿಯ ಹೊಸ ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ತಂದ. ಅದರ ಹಿಂಬದಿಗೆ ಒಸಡಿನ ಬಣ್ಣದ ಗಟ್ಟಿ ತುಂಡು, ಅದರಿಂದ ಹೊರಟ ತಂತಿಯ ಕೊಕ್ಕೆಗಳು. ಪಕ್ಕದ ಹಲ್ಲುಗಳನ್ನು ತಬ್ಬಿ ನಿಲ್ಲುವ ಕಟ್ಟುಹಲ್ಲಿಗೆ ಇರುತ್ತವಲ್ಲ, ಅಂಥವೇ, ಆದರೆ ದಪ್ಪಗೆ. ಅದನ್ನು ಜಾಲರಿಯ ಸರಳುಗಳಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದ. ಟಕ್. ಪ್ಲೇಟಿನ ಕೆಳಗಂಚು ಬಂಪರಿನ ಮೇಲೆ ಇಳಿದು ಕೂತಿತು. ತೂತಿಲ್ಲ, ಬೋಲ್ಟಿಲ್ಲ. ಅತ್ತೆ ಚಪ್ಪಾಳೆ ತಟ್ಟಿದರು.

ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದರು.

"ಸಣ್ಣಳಿಯಂದ್ರೆ, ಇದು ನಡುವಲ್ಲಿ ಇಲ್ವಲ್ಲ?"

ಇರಲಿಲ್ಲ. ಪ್ಲೇಟು ಚೂರು ಎಡಕ್ಕೆ ಕೂತಿತ್ತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣದಷ್ಟು.

"ಅಯ್ಯೋ ಹೌದಲ್ವಾ," ಎಂದು ನಾದಿನಿ ನಕ್ಕಳು. "ಕಾರಿಗೆ ಪಾರ್ಶ್ವವಾಯು ಹೊಡೆದ ಹಾಗಿದೆ ರೀ."

"ಎಷ್ಟು ಜನಕ್ಕೆ ಹಲ್ಲು ಕಟ್ಟಿದೀರಿ, ಕಾರಿಗೆ ಸೊಟ್ಟ ಕಟ್ಟಿದ್ರಲ್ಲ ಮಹಾರಾಯರೇ!" ಎಂದಳು ದೊಡ್ಡಳಿಯನ ಹೆಂಡತಿ.

ಎಲ್ಲರೂ ನಕ್ಕರು. ಸಣ್ಣಳಿಯ ಮರದ ಹಾಗೆ ನಿಂತಿದ್ದ. "ಕಣ್ತಪ್ಪಿತು," ಎಂದ.

ಇಷ್ಟು ವರ್ಷ ದೊಡ್ಡಳಿಯ ಕಾದದ್ದು ಈ ಗಳಿಗೆಗೇ. ಷಡ್ಡಕನನ್ನು ನೋಡಿ ಇಡೀ ಮನೆ ನಗುತ್ತಿದೆ, ಅದೂ ಕೈಕೆಲಸದ ವಿಷಯದಲ್ಲಿ! ಅವನೂ ನಗಲೆಂದು ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಪ್ಲೇಟಿನ ಎಡ ಮೂಲೆಗೆ ಹೋಯಿತು. ಗೀರು ಎಲ್ಲಿ? ಬಗ್ಗಿ ನೋಡಿದ. ಪ್ಲೇಟಿನ ಕೆಳಗಂಚು ಗೀರಿನ ಮೇಲೆ, ಆರಂಭದಿಂದ ಕೊನೆಯವರೆಗೆ, ಕಣ್ಣಿನ ರೆಪ್ಪೆ ಮುಚ್ಚಿದಂತೆ ಕೂತಿತ್ತು. ನಡುವಿಗೆ ಇಟ್ಟಿದ್ದರೆ ಅರ್ಧ ಗೀರು ಹೊರಗೆ ಇಣುಕುತ್ತಿತ್ತು.

ತೆರೆದ ಬಾಯಿ ತೆರೆದೇ ಉಳಿಯಿತು. ಸಣ್ಣಳಿಯ ಅಭ್ಯಾಸಬಲದಿಂದ ಅದರೊಳಗೆ ಒಮ್ಮೆ ನೋಡಿ ಕಣ್ಣು ತಿರುಗಿಸಿದ.

ಕೃತಜ್ಞತೆ ಬರಬೇಕಾದ ಜಾಗದಲ್ಲಿ ದೊಡ್ಡಳಿಯನಿಗೆ ಬಂದದ್ದು ಅದೇ ಹಳೇ ಉರಿ, ಇನ್ನಷ್ಟು ಬಿಸಿಯಾಗಿ. ಕಾರೂ ಇವನದೇ, ಅತ್ತೆಯ ನಗುವೂ ಇವನದೇ, ಈಗ ದೊಡ್ಡತನವೂ ಇವನದೇ! ನನಗೆ ಅಂತ ಏನನ್ನಾದರೂ ಬಿಡುತ್ತಾನೋ ಇಲ್ಲವೋ?

ಆದರೂ ತಪಾಸಣೆಯ ದಿನ ಅಂಗಡಿಗೆ ರಜೆ ಹಾಕಿ ಜೊತೆಗೆ ಹೋದ. ಸಣ್ಣಳಿಯ ಕಾರು ಓಡಿಸುವುದೆಂದರೆ ತುಂಬಿದ ಕೊಡ ಹೊತ್ತು ನಡೆದಂತೆ. ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಿದ್ದರು. ಪಕ್ಕದಲ್ಲಿ ಕೂತ ದೊಡ್ಡಳಿಯ ಇಲ್ಲದ ಆಕ್ಸಿಲರೇಟರನ್ನು ದಾರಿಯುದ್ದಕ್ಕೂ ಒತ್ತಿದ. ತಪಾಸಣೆಯ ಅಧಿಕಾರಿ ಪ್ಲೇಟನ್ನು ಹಿಡಿದು ಎಳೆದ, ಅಲುಗಾಡಿಸಿದ, ಬಗ್ಗಿ ಹಿಂದೆ ನೋಡಿದ.

"ಏನ್ರೀ ಇದು ಗುಲಾಬಿ?"

"ಒಸಡು," ಎಂದ ಸಣ್ಣಳಿಯ.

"ಪ್ಲೇಟು ಸ್ವಲ್ಪ ಸೊಟ್ಟ ಇದೆಯಲ್ಲ?"

ಸಣ್ಣಳಿಯ ಉತ್ತರಿಸುವ ಮೊದಲೇ ದೊಡ್ಡಳಿಯ ನಡುವೆ ನುಗ್ಗಿದ. "ಸೊಟ್ಟ ಇಲ್ಲ ಸಾರ್! ಅದು ಇರೋದೇ ಹಾಗೆ. ಹಳೇ ಕಾರು, ನಡು ಎಲ್ಲಿದೆ ಅಂತ ಅದಕ್ಕೇ ಗೊತ್ತಿಲ್ಲ." ಯಾಕೆ ಹಾಗೆಂದನೋ, ಆ ಬಿಸಿ ಅವನಿಗೇ ಅರ್ಥವಾಗಲಿಲ್ಲ. ಷಡ್ಡಕ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. ಅಧಿಕಾರಿ ಮತ್ತೊಮ್ಮೆ ಎಳೆದ, ಬರಲಿಲ್ಲ, ಹೋಗಿ ಎಂದ.

ಅತ್ತೆ ಮುಂದಿನ ಸೀಟಲ್ಲಿ ಕೂತು ಊರು ಸುತ್ತಿ ಬಂದರು. ಗಾಳಿಗೆ ಬಾಯಿ ತೆರೆದು ನಗುತ್ತಿದ್ದರಂತೆ. ಒಂದಿಷ್ಟೂ ಜಾರಲಿಲ್ಲವಂತೆ.

ಮರು ಭಾನುವಾರ ದೊಡ್ಡಳಿಯ ಮತ್ತೆ ಶೆಡ್ಡಿನಲ್ಲಿದ್ದ. ಊರು ಸುತ್ತಿದ ಕಾರಿಗೆ ಕೆಸರಾಗಿತ್ತು. ಬೇಕೆಂತಲೇ ಕೆಸರಿನಲ್ಲಿ ಓಡಿಸಿದ್ದಾನೆ ಎಂದು ಗೊಣಗುತ್ತ ಪ್ಯಾಂಟು ಮಡಚಿದ. ಈ ಬಾರಿ ಗಡಿಯಾರ ಬಿಚ್ಚಿಟ್ಟು ಬಂದಿದ್ದ. ಸಣ್ಣಳಿಯ ಬಕೆಟ್ ತಂದಿಟ್ಟ, ಪ್ಲೇಟನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತ. ಮಾವ ಕೂರುತ್ತಿದ್ದ ಹಾಗೆಯೇ. ದೊಡ್ಡಳಿಯ ಬಂಪರಿಗೆ ಬಂದ. ಬೆತ್ತಲೆಯಾಗಿದ್ದ ಗೀರಿನ ಮೇಲೆ ಬಟ್ಟೆಯನ್ನು ಮೆಲ್ಲಗೆ, ಗಾಯ ಒರೆಸುವಂತೆ ಎಳೆದ. ಎಷ್ಟೋ ಕಾಲದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು, ಎಳೆಯದೆಯೇ ಜಾರಿ ಹೊರಗೆ ಬಂತು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳು. ಮಾವ ಈ ಕಾರನ್ನ ನಿನಗೇ ಯಾಕೆ ಕೊಟ್ರು?"

ಸಣ್ಣಳಿಯ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟ. ಎದ್ದು ಬಂದು, ಪ್ಲೇಟನ್ನು ಅದರ ಸೊಟ್ಟ ಜಾಗಕ್ಕೆ ಟಕ್ಕೆಂದು ಕೂರಿಸಿದ.

"ನಿಮಗೆ ಕೊಟ್ಟಿದ್ರೆ, ಭಾನುವಾರ ತೊಳೆಯೋಕೆ ನಾನು ಬರ್ತಿರಲಿಲ್ಲ ಅಣ್ಣ."